ಪಕ್ಕದ ಜಾಗದ ಭೂ ಉಪಯೋಗ ಬದಲಾಗುತ್ತಿದೆಯೇ? ಆಕ್ಷೇಪಣೆ ಹೀಗೆ ಸಲ್ಲಿಸಿ

ದಿನಪತ್ರಿಕೆಯ ಒಳಪುಟದಲ್ಲಿ, ಟೆಂಡರುಗಳಿಗೂ ಹೆಸರು ಬದಲಾವಣೆಯ ಅಫಿಡವಿಟ್‌ಗಳಿಗೂ ನಡುವೆ, ಸಣ್ಣಕ್ಷರದ ಒಂದು ಪ್ರಕಟಣೆ ಇರುತ್ತದೆ. ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಜಮೀನನ್ನು ವಸತಿ ಉಪಯೋಗದಿಂದ ವಾಣಿಜ್ಯ ಉಪಯೋಗಕ್ಕೆ ಬದಲಾಯಿಸಲು ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದವರು 15 ದಿನಗಳೊಳಗೆ ತಿಳಿಸಬಹುದು ಎಂದು ಅದರ ಒಕ್ಕಣೆ. ಓದುವವರು ಕಡಿಮೆ. ಆ ಜಾಗದಲ್ಲಿ ಕಲ್ಯಾಣ ಮಂಟಪವೋ ಗೋದಾಮೋ ಎದ್ದ ಮೇಲೆ ಬೀದಿಯವರೆಲ್ಲ ಸೇರಿ ಮನವಿ ಕೊಡುತ್ತಾರೆ. ಅಷ್ಟು ಹೊತ್ತಿಗೆ ಕಾನೂನು ಕೊಟ್ಟಿದ್ದ ಅವಕಾಶ ಮುಗಿದಿರುತ್ತದೆ. ಆ 15 ದಿನಗಳಲ್ಲಿ ಏನೇನು ಮಾಡಬೇಕು ಎಂಬುದು ಇಲ್ಲಿದೆ.

ಇದು ಯಾವ ಪ್ರಕ್ರಿಯೆ ಎಂದು ಮೊದಲು ಗುರುತಿಸಿ

ಹೆಚ್ಚಿನವರು ಎಡವುವುದು ಇಲ್ಲೇ. ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ತರುವ ಭೂ ಪರಿವರ್ತನೆ (ಜನ ಅಲಿನೇಷನ್ ಎನ್ನುವುದು ಇದನ್ನೇ) ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ ಕೊಡುವಂಥದ್ದು. ಮಹಾಯೋಜನೆಯಲ್ಲಿ, ಅಂದರೆ ಮಾಸ್ಟರ್ ಪ್ಲಾನ್‌ನಲ್ಲಿ, ಆ ಜಾಗಕ್ಕೆ ಬಳಿದಿರುವ ಬಣ್ಣವನ್ನೇ ಬದಲಾಯಿಸುವುದು ಬೇರೆ. ಅದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ 1961ರ 14ಎ ಕಲಂಗೆ ಸೇರಿದ್ದು. ಅರ್ಜಿ ಹೋಗುವುದು ಯೋಜನಾ ಪ್ರಾಧಿಕಾರಕ್ಕೆ. ಪ್ರಾಧಿಕಾರ ಬದಲಾವಣೆಗೆ ಒಪ್ಪಬೇಕಾದರೆ ರಾಜ್ಯ ಸರ್ಕಾರದ ಪೂರ್ವಾನುಮೋದನೆ ಬೇಕು. ಕಟ್ಟಡ ಪರವಾನಗಿ, ವ್ಯಾಪಾರ ಪರವಾನಗಿಗಳು ಇವೆರಡೂ ಆದ ಮೇಲೆ ಪಾಲಿಕೆಯಲ್ಲೋ ಪಂಚಾಯಿತಿಯಲ್ಲೋ ಸಿಗುವಂಥವು.

ಆಕ್ಷೇಪಣೆಯನ್ನು ತಹಶೀಲ್ದಾರರಿಗೆ, ವಾರ್ಡ್ ಸದಸ್ಯರಿಗೆ, ಪಿಡಿಒಗೆ ಕೊಟ್ಟು ಬಂದವರ ಪತ್ರ 14ಎ ಕಡತ ಸೇರುವುದೇ ಇಲ್ಲ. ಪ್ರಕಟಣೆಯ ಕೆಳಗೆ ಯಾವ ಹುದ್ದೆ, ಯಾವ ಕಚೇರಿ ಇದೆಯೋ ಅಲ್ಲಿಗೇ ಕೊಡಬೇಕು. ಒಂದೊಂದು ಊರಿನಲ್ಲಿ ಒಂದೊಂದು ಹೆಸರು: ನಗರಾಭಿವೃದ್ಧಿ ಪ್ರಾಧಿಕಾರ, ಯೋಜನಾ ಪ್ರಾಧಿಕಾರ, ಕೆಲವೆಡೆ ಪುರಸಭೆಯದೇ ಯೋಜನಾ ಪ್ರಾಧಿಕಾರ. ಬೆಂಗಳೂರಿನಲ್ಲಂತೂ ಆಡಳಿತದ ಏರ್ಪಾಡೇ ಬದಲಾಗಿರುವುದರಿಂದ ಹಳೆಯ ವಿಳಾಸ ನೆಚ್ಚಿಕೊಳ್ಳಬೇಡಿ.

ಜಾಗ ಯಾವುದು?

ನೀವಿರುವುದು ಯಾವುದೋ ಬಡಾವಣೆಯ ಎರಡನೇ ಹಂತವಾಗಿದ್ದರೂ ಪ್ರಕಟಣೆಯಲ್ಲಿ ಬರುವುದು ಹಳೆಯ ಕಂದಾಯ ಗ್ರಾಮದ ಹೆಸರು, ಹೋಬಳಿ, ಸರ್ವೆ ನಂಬರು. ಅದಕ್ಕೇ ಎಷ್ಟೋ ಜನರಿಗೆ ಎದುರುಮನೆ ಪಕ್ಕದ ಜಾಗದ ಪ್ರಕಟಣೆ ಕಣ್ಣಿಗೆ ಬಿದ್ದರೂ ಗೊತ್ತಾಗುವುದಿಲ್ಲ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದ ಅಂಚಿನಲ್ಲಿ ನಿಂತರೆ ಸರ್ವೆ ನಂಬರು ತೋರಿಸುತ್ತದೆ. ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗುವುದುಂಟು. ಆದ್ದರಿಂದ ಭೂದಾಖಲೆಗಳ ಜಾಲತಾಣದಿಂದ ಗ್ರಾಮ ನಕ್ಷೆ ಇಳಿಸಿಕೊಂಡು, ಪ್ರಕಟಣೆಯಲ್ಲಿ ಚೆಕ್ಕುಬಂದಿ (ಜಾಗದ ನಾಲ್ಕು ದಿಕ್ಕಿನ ಗಡಿ) ಕೊಟ್ಟಿದ್ದರೆ ಅದರೊಂದಿಗೆ ತಾಳೆ ನೋಡಿ.

ಅದೇ ಸರ್ವೆ ನಂಬರಿನ ಪಹಣಿ ತೆಗೆಸಿ. ಅದರಲ್ಲಿ ಮಾಲೀಕರ ಹೆಸರಿಗಿಂತ ಮೊದಲು ನೋಡಬೇಕಾದ್ದು ವಿಸ್ತೀರ್ಣದ 3ನೇ ಕಾಲಂ. ಅಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಫುಟ್ ಖರಾಬ್ (ಸಾಗುವಳಿಗೆ ಬಾರದ ಜಾಗ) ‘ಅ’ ಮತ್ತು ‘ಬ’ ಎಂದು ಎರಡು ಸಾಲು ಇರುತ್ತವೆ. ‘ಬ’ ಖರಾಬು ಎಂದರೆ ಹಳ್ಳ, ದಾರಿ, ಕಾಲುವೆಯಂಥ ಸಾರ್ವಜನಿಕ ಜಾಗ. ಅದು ಹಿಡುವಳಿದಾರರ ಸ್ವತ್ತಲ್ಲ. ಉದಾಹರಣೆಗೆ, ಪ್ರಕಟಣೆಯಲ್ಲಿ 1 ಎಕರೆ 12 ಗುಂಟೆ ಎಂದಿದೆ ಎನ್ನೋಣ. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರ ಅಡಿ. ಒಟ್ಟು 52 ಗುಂಟೆ, ಅಂದರೆ 56,628 ಚದರ ಅಡಿ. ಪಹಣಿಯಲ್ಲಿ ಇದೇ 52 ಗುಂಟೆಯೊಳಗೆ 4 ಗುಂಟೆ ‘ಬ’ ಖರಾಬು ಇದ್ದರೆ ಅರ್ಜಿದಾರರು ಕೇಳಬಹುದಾದ್ದು 48 ಗುಂಟೆಗೆ ಮಾತ್ರ. ಈ ಒಂದು ಅಂಶವೇ ಕಡತವನ್ನು ವಾಪಸ್ ಅಳತೆಗೆ ಕಳಿಸಬಲ್ಲದು. ಗ್ರಾಮ ನಕ್ಷೆಯಲ್ಲಿ ಎರಡು ಗೆರೆ ಎಳೆದ ಬಂಡಿದಾರಿಯೋ ಹಳ್ಳವೋ ಆ ಸರ್ವೆ ನಂಬರಿನೊಳಗೆ ಹಾದುಹೋಗಿದ್ದರೆ ಅದನ್ನೂ ಗುರುತು ಹಾಕಿಟ್ಟುಕೊಳ್ಳಿ. ನೆಲದ ಮೇಲೆ ಮುಚ್ಚಿಹೋಗಿರಬಹುದು, ನಕ್ಷೆಯಲ್ಲಿ ಇನ್ನೂ ಇರುತ್ತದೆ.

ಬಣ್ಣದ ನಕ್ಷೆ, ಅದರ ಜೊತೆಗಿನ ಪುಸ್ತಕ

ಮಹಾಯೋಜನೆ ನಕ್ಷೆಯಲ್ಲಿ ಸಾಮಾನ್ಯವಾಗಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಮತ್ತು ಅರೆ ಸಾರ್ವಜನಿಕಕ್ಕೆ ಕೆಂಪು, ಉದ್ಯಾನಕ್ಕೆ ಹಸಿರು. ಯಾವುದು ಜಾರಿಯಲ್ಲಿರುವ ನಕ್ಷೆ ಎಂದು ಖಚಿತ ಮಾಡಿಕೊಳ್ಳಿ. ಹತ್ತು ವರ್ಷಕ್ಕೊಮ್ಮೆಯಾದರೂ ಮಹಾಯೋಜನೆ ಪರಿಷ್ಕರಣೆ ಆಗಬೇಕೆಂದು ಕಾನೂನು ಹೇಳುತ್ತದೆ, ಆಗುವುದು ಅಪರೂಪ. ಬೆಂಗಳೂರಿನಲ್ಲಿ 2007ರಲ್ಲಿ ಜಾರಿಯಾದ ಪರಿಷ್ಕೃತ ಮಹಾಯೋಜನೆ ‘ಆರ್‌ಎಂಪಿ 2015’ರ ನಂತರ 2031ರ ಕರಡು 2017ರಲ್ಲಿ ಹೊರಬಂದು ಆಮೇಲೆ ವಾಪಸಾಯಿತು. ಆ ಕರಡನ್ನು ಹಿಡಿದು ಆಕ್ಷೇಪಣೆ ಬರೆದರೆ ಉತ್ತರ ಒಂದೇ ಸಾಲಿನಲ್ಲಿ ಬರುತ್ತದೆ.

ನಕ್ಷೆಗಿಂತ ಮುಖ್ಯ ವಲಯ ನಿಯಮಾವಳಿ ಪುಸ್ತಕ. ಪ್ರತಿ ವಲಯದಲ್ಲೂ ಯಾವ ಉಪಯೋಗಕ್ಕೆ ನೇರ ಅವಕಾಶ, ಯಾವುದಕ್ಕೆ ಪ್ರಾಧಿಕಾರ ‘ವಿಶೇಷ ಸಂದರ್ಭ’ದಲ್ಲಿ ಒಪ್ಪಬಹುದು ಎಂದು ಪಟ್ಟಿ ಇರುತ್ತದೆ. ಎರಡನೇ ಪಟ್ಟಿಯಲ್ಲಿರುವ ಉಪಯೋಗಕ್ಕೆ ಭೂ ಉಪಯೋಗ ಬದಲಾವಣೆಯೇ ಬೇಡ, ಹಾಗಾಗಿ 14ಎ ಪ್ರಕಟಣೆಯೂ ಬರುವುದಿಲ್ಲ. ಪಕ್ಕದಲ್ಲಿ ಏನೋ ಶುರುವಾಗಿದೆ, ಪ್ರಕಟಣೆಯೇ ಕಾಣಲಿಲ್ಲ ಎನ್ನುವವರು ಮೊದಲು ಈ ಪಟ್ಟಿಯನ್ನು ನೋಡಲಿ.

ಆಧಾರ ಕೂಡಿಹಾಕುವುದು

ಟೇಪು ಹಿಡಿದು ರಸ್ತೆ ಅಳೆಯಿರಿ, ಮೂರು ಕಡೆ. ಕಾಂಪೌಂಡಿನಿಂದ ಕಾಂಪೌಂಡಿಗೆ ಎಷ್ಟು, ಡಾಂಬರು ಎಷ್ಟು, ಎರಡನ್ನೂ ಮೀಟರಿನಲ್ಲಿ ಬರೆದಿಡಿ. 40 ಅಡಿ ರಸ್ತೆ ಎಂದರೆ 12.19 ಮೀಟರ್ ಆಗಬೇಕು. ಅರ್ಜಿಯ ಜೊತೆಗಿನ ನಕ್ಷೆಯಲ್ಲಿ 12 ಮೀಟರ್ ಎಂದು ಬರೆದು ನೆಲದ ಮೇಲೆ 9 ಇರುವುದು ಬಹಳ ಸಾಮಾನ್ಯ. ಕೆಲಸದ ದಿನವೊಂದರಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ವಾಹನ ಎಣಿಸಿ: ದ್ವಿಚಕ್ರ, ಕಾರು, ಬಸ್ಸು-ಲಾರಿ ಬೇರೆ ಬೇರೆಯಾಗಿ. ಶಾಲೆ, ಅಂಗನವಾಡಿ, ಆಸ್ಪತ್ರೆ ಎಷ್ಟು ದೂರದಲ್ಲಿವೆ ಎಂದು ಗುರುತಿಸಿ. ದಿನಾಂಕ, ಸ್ಥಳ ಮುದ್ರೆಯಾಗುವ ಆ್ಯಪ್‌ನಲ್ಲಿ ಫೋಟೊ ತೆಗೆಯಿರಿ. ಒಳಚರಂಡಿ ಕೊಳವೆ ಇದೆಯೇ, ಮಳೆ ನೀರು ಎತ್ತ ಹರಿಯುತ್ತದೆ ಎಂಬುದನ್ನು ಬಿಡಬೇಡಿ.

ಕೆರೆ, ರಾಜಕಾಲುವೆ ಹತ್ತಿರವಿದ್ದರೆ ಕಟ್ಟಡ ಕಟ್ಟದೆ ಬಿಡಬೇಕಾದ ಮೀಸಲು ಅಂತರವನ್ನು ನಿಮ್ಮ ಊರಿನ ವಲಯ ನಿಯಮಾವಳಿಯಲ್ಲೇ ನೋಡಿ. ಬೆಂಗಳೂರಿನವರು ಇನ್ನೂ ಕೆರೆಗೆ 75 ಮೀಟರ್ ಎಂದು ಬರೆಯುತ್ತಾರೆ. ಅದು 2016ರ ಹಸಿರು ನ್ಯಾಯಮಂಡಳಿಯ ಆದೇಶ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದೆ. ಆರ್‌ಎಂಪಿ 2015ರಲ್ಲಿ ಇದ್ದದ್ದು ಕೆರೆಗೆ 30 ಮೀಟರ್, ಕಾಲುವೆಗಳಿಗೆ ದರ್ಜೆ ಪ್ರಕಾರ 50, 25, 15. ಆಮೇಲೆ ಏನಾದರೂ ತಿದ್ದುಪಡಿ ಆಗಿದೆಯೇ ಎಂದು ಕಚೇರಿಯಲ್ಲಿ ವಿಚಾರಿಸಿಕೊಂಡೇ ಬರೆಯಿರಿ. ತಪ್ಪು ಅಂಕಿಯೊಂದು ಇದ್ದರೆ ಉಳಿದ ಸರಿಯಾದ ಅಂಶಗಳೂ ಅದರ ಜೊತೆಗೇ ಮೂಲೆ ಸೇರುತ್ತವೆ.

ಪತ್ರ

ಎರಡು ಪುಟ ಸಾಕು. ವಿಷಯದ ಸಾಲಿನಲ್ಲಿ ಸರ್ವೆ ನಂಬರು, ಗ್ರಾಮ, ಕೋರಿರುವ ಬದಲಾವಣೆ. ಉಲ್ಲೇಖದಲ್ಲಿ ಪತ್ರಿಕೆಯ ಹೆಸರು, ದಿನಾಂಕ, ಪ್ರಕಟಣೆ ಸಂಖ್ಯೆ. ನಿಮ್ಮ ಮನೆ ಆ ಜಾಗದಿಂದ ಎಷ್ಟು ಮೀಟರ್ ಎಂದು ಮೊದಲ ಪ್ಯಾರಾದಲ್ಲೇ ಹೇಳಿ.

ಮುಂದಿನದು ಪತ್ರದ ಜೀವ. 14ಎ ಕಲಂ ಪ್ರಾಧಿಕಾರಕ್ಕೆ ಬೇಕಾದಂತೆ ಬಣ್ಣ ಬದಲಿಸುವ ಸ್ವಾತಂತ್ರ್ಯ ಕೊಟ್ಟಿಲ್ಲ. ನಕ್ಷೆಯಲ್ಲಿ ತಪ್ಪೋ ಬಿಟ್ಟುಹೋದ ವಿವರವೋ ಇರಬೇಕು, ಇಲ್ಲವೇ ಯೋಜನೆ ಜಾರಿ ಮಾಡುವಾಗ ಅಥವಾ ಬದಲಾದ ಸಂದರ್ಭದಿಂದ ಅಗತ್ಯ ಹುಟ್ಟಿರಬೇಕು. ಅದರ ಮೇಲೆ ಮೂರು ಷರತ್ತು: ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ಈ ಕಾಯ್ದೆಗೂ ಬೇರೆ ಕಾಯ್ದೆಗೂ ವಿರುದ್ಧವಾಗಬಾರದು, ಆ ಭಾಗದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ 15 ದಿನ ಕಾಲಾವಕಾಶ ಕೊಟ್ಟಿರಬೇಕು. ನಿಮ್ಮ ಒಂದೊಂದು ಅಂಶವನ್ನೂ ಇವುಗಳಲ್ಲಿ ಒಂದಕ್ಕೆ ಕಟ್ಟಿ, ನಂಬರು ಹಾಕಿ ಬರೆಯಿರಿ.

‘ನಮ್ಮ ಬೀದಿಯ ನೆಮ್ಮದಿ ಹಾಳಾಗುತ್ತದೆ’ ಎಂದರೆ ವಿಷಯ ನಿರ್ವಾಹಕರು ‘ಸಾಮಾನ್ಯ ಸ್ವರೂಪದ ಆಕ್ಷೇಪಣೆ’ ಎಂದು ಷರಾ ಬರೆದು ಮುಗಿಸುತ್ತಾರೆ. ಅದನ್ನೇ ಹೀಗೆ ಬರೆದು ನೋಡಿ: ‘ಜಾಗಕ್ಕೆ ಇರುವ ಏಕೈಕ ರಸ್ತೆಯ ಅಗಲ ಮೂರು ಕಡೆ ಅಳೆದಾಗ 8.9, 9.0 ಮತ್ತು 8.7 ಮೀಟರ್ (ಫೋಟೊ 1ರಿಂದ 3). ಅರ್ಜಿಯ ನಕ್ಷೆಯಲ್ಲಿ 12 ಮೀಟರ್ ಎಂದಿದೆ. ಮಹಾಯೋಜನೆ ಜಾರಿಯಾದ ನಂತರ ಈ ರಸ್ತೆ ಅಗಲವಾಗಿಲ್ಲ. ಆದ್ದರಿಂದ ಬದಲಾದ ಸಂದರ್ಭ ಯಾವುದೆಂದು ಪ್ರಾಧಿಕಾರ ದಾಖಲಿಸಬೇಕು.’ ಇದಕ್ಕೆ ಸ್ಥಳ ತನಿಖೆ ಮಾಡದೆ ಉತ್ತರ ಕೊಡುವುದು ಕಷ್ಟ.

ಉದ್ಯಾನ ಅಥವಾ ಆಟದ ಮೈದಾನಕ್ಕೆ ಮೀಸಲಾದ ಜಾಗವಾಗಿದ್ದರೆ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆಯನ್ನು ಹೆಸರಿಸಿ. ಬೆಂಗಳೂರಿನ ಸದಾಶಿವನಗರದಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಹೈಕೋರ್ಟಿನಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದು, ಇಂಥದ್ದನ್ನು ಪ್ರಶ್ನಿಸುವ ಹಕ್ಕು ಬಡಾವಣೆಯ ನಿವಾಸಿಗಳಿಗೆ ಇದೆ ಎಂದಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂಬ ಈ ತೀರ್ಪನ್ನು ಪತ್ರದಲ್ಲಿ ಉಲ್ಲೇಖಿಸಬಹುದು.

ಕೊನೆಯಲ್ಲಿ ಎರಡು ಬೇಡಿಕೆ: ಖುದ್ದು ಅಹವಾಲು ಹೇಳಿಕೊಳ್ಳಲು ಕರೆಯಬೇಕು, ತೀರ್ಮಾನವನ್ನು ಕಾರಣ ಸಮೇತ ಲಿಖಿತವಾಗಿ ತಿಳಿಸಬೇಕು. ಕೇಳದವರನ್ನು ಯಾರೂ ಕರೆಯುವುದಿಲ್ಲ. ಒಂದೇ ಪತ್ರವನ್ನು ಜೆರಾಕ್ಸ್ ಮಾಡಿ ಇನ್ನೂರು ಸಹಿ ಹಾಕಿಸುವುದು ಶ್ರಮ ದಂಡ; ಕಡತದಲ್ಲಿ ಅದು ಒಂದೇ ಆಕ್ಷೇಪಣೆ. ಬೇರೆ ಬೇರೆ ಅಂಶ ಹಿಡಿದ ಐದು ಪತ್ರ ಅದಕ್ಕಿಂತ ಭಾರ.

ಕೊಡುವುದು, ಬೆನ್ನು ಹತ್ತುವುದು

ಪ್ರಕಟಣೆ 3ನೇ ತಾರೀಕು ಬಂದಿದ್ದರೆ 18 ಕೊನೆಯ ದಿನ ಎಂದು ಲೆಕ್ಕ ಹಾಕಿದರೂ 14-15ರೊಳಗೆ ಕೊಟ್ಟುಬಿಡಿ. ನಡುವೆ ಎರಡನೇ ಶನಿವಾರವೋ ಹಬ್ಬವೋ ಬಂದೇ ಬರುತ್ತದೆ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಒಳಬಂದ ಸಂಖ್ಯೆ ಹಾಕಿಸಿಕೊಳ್ಳಿ. ಅದೇ ದಿನ ಇನ್ನೊಂದು ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಬರೀ ಇ-ಮೇಲ್ ನೆಚ್ಚಬೇಡಿ.

ಹದಿನೈದು ದಿನ ಕಳೆದ ಮೇಲೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಕೇಳಬೇಕಾದ್ದು: ಅರ್ಜಿ ಮತ್ತು ಲಗತ್ತಿಸಿದ ನಕ್ಷೆ, ಸ್ಥಳ ತನಿಖಾ ವರದಿ, ಬಂದ ಆಕ್ಷೇಪಣೆಗಳ ಪಟ್ಟಿ, ಪ್ರಾಧಿಕಾರದ ಸಭೆಯ ನಡಾವಳಿ, ಕಡತದ ಟಿಪ್ಪಣಿ ಹಾಳೆಗಳು. ‘ಯಾಕೆ ಒಪ್ಪಿದಿರಿ’ ಎಂಬ ಪ್ರಶ್ನೆ ಹಾಕಿದರೆ ಅದು ಮಾಹಿತಿಯಲ್ಲ ಎಂದು ತಿರಸ್ಕರಿಸುತ್ತಾರೆ. ದಾಖಲೆಯ ಪ್ರತಿಯನ್ನೇ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಪ್ರಾಧಿಕಾರದ ಸಭೆ ಶಿಫಾರಸು ಮಾಡಿದರೂ ಆಟ ಮುಗಿದಿಲ್ಲ, ಕಡತ ನಗರಾಭಿವೃದ್ಧಿ ಇಲಾಖೆಗೆ ಹೋಗಬೇಕು. ಸಭೆಯ ನಡಾವಳಿ ಕೈಗೆ ಸಿಕ್ಕ ಕೂಡಲೇ ನಿಮ್ಮ ಆಕ್ಷೇಪಣೆಗೆ ಅಲ್ಲಿ ಏನು ಉತ್ತರವಿದೆ ನೋಡಿ. ‘ಆಕ್ಷೇಪಣೆಗಳನ್ನು ಪರಿಶೀಲಿಸಲಾಯಿತು’ ಎಂಬ ಒಂದೇ ಸಾಲಿದ್ದರೆ, ಮೊಹರು ಬಿದ್ದ ನಿಮ್ಮ ಪ್ರತಿ ಲಗತ್ತಿಸಿ ಇಲಾಖೆಯ ಕಾರ್ಯದರ್ಶಿಗೆ ಬರೆಯಿರಿ. ಸರ್ಕಾರದ ಅನುಮೋದನೆ ಬಂದುಬಿಟ್ಟರೆ ಉಳಿಯುವುದು ಹೈಕೋರ್ಟಿನ ರಿಟ್ ಅರ್ಜಿ. ಬೆಂಗಳೂರು, ಧಾರವಾಡ, ಕಲಬುರಗಿ, ಯಾವ ಪೀಠ ನಿಮ್ಮ ಜಿಲ್ಲೆಯದೋ ಅಲ್ಲಿ. ರಿಟ್‌ಗೆ ಇಷ್ಟೇ ದಿನ ಎಂಬ ಗಡುವಿಲ್ಲ, ಆದರೆ ಪಾಯ ತೋಡಿ ಪಿಲ್ಲರ್ ಎದ್ದ ಮೇಲೆ ಹೋದವರಿಗೆ ನ್ಯಾಯಾಲಯ ಕೇಳುವ ಮೊದಲ ಪ್ರಶ್ನೆ ‘ಇಷ್ಟು ದಿನ ಎಲ್ಲಿದ್ದಿರಿ’ ಎಂಬುದೇ.