ಗೇರ್ ಹಲ್ಲಿಗೆ ಇಂಡಕ್ಷನ್ ಹಾರ್ಡನಿಂಗ್: ಬುಡ ನೋಡಿ ಮಾಡಿಸಿ

ಮಂಡ್ಯದ ಆಲೆಮನೆಯ ಗಾಣಕ್ಕಾಗಲಿ, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಮಷಿನ್‌ಗಾಗಲಿ, ಹೊಸ ಗೇರ್ ಮಾಡಿಸುವಾಗ ಎಲ್ಲರೂ ಕೇಳುವುದು ಒಂದೇ: ಹಾರ್ಡ್‌ನೆಸ್ ಎಷ್ಟು ಬರುತ್ತೆ? ಇಂಡಕ್ಷನ್ ಹಾರ್ಡನಿಂಗ್ ಅಂದರೆ ಕರೆಂಟ್ ಹಾಯುವ ಸುರುಳಿ, ಅಂದರೆ ಕಾಯಿಲ್, ಹತ್ತಿರ ಇಟ್ಟು ಹಲ್ಲಿನ ಮೇಲ್ಮೈಯನ್ನು ಬಿಸಿ ಮಾಡಿ, ತಟ್ಟನೆ ತಣಿಸಿ, ಅಲ್ಲೊಂದು ಗಟ್ಟಿ ಪದರ ಬರಿಸುವುದು. ಹಾರ್ಡ್‌ನೆಸ್‌ಗಿಂತ ಮುಖ್ಯವಾದದ್ದು ಆ ಗಟ್ಟಿ ಪದರ ಎಲ್ಲಿ ಮುಗಿಯುತ್ತದೆ ಅನ್ನೋದು.

ಮೊದಲು ಸ್ಟೀಲ್ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಇಂಡಕ್ಷನ್ ಬಿಸಿ ಮಾಡುತ್ತದೆ ಅಷ್ಟೆ, ಕಾರ್ಬನ್ ಸೇರಿಸುವುದಿಲ್ಲ. ಹಾಗಾಗಿ ಕಾರ್ಬನ್ ಕಡಿಮೆ ಇರುವ ಮೈಲ್ಡ್ ಸ್ಟೀಲ್ ತಂದುಕೊಟ್ಟರೆ ಸುಮ್ನೆ ದುಡ್ಡು ದಂಡ. ಸುಮಾರು 0.4 ಶೇಕಡಾ ಕಾರ್ಬನ್ ಇರುವ ಇಎನ್ 8 ಅಥವಾ ಇಎನ್ 19 ದರ್ಜೆಯ ಸ್ಟೀಲ್ ಸರಿಹೋಗುತ್ತದೆ. ಹಲ್ಲು ಕತ್ತರಿಸುವಾಗ ಅಂಚಿನಲ್ಲಿ ಉಳಿದ ಚೂಪು ಸಿಬಿರನ್ನು (ಬರ್) ಅರದಿಂದ ತೆಗೆದು, ಚೂಪು ಮೂಲೆಗಳನ್ನು ಸ್ವಲ್ಪ ಉರುಟು ಮಾಡಿ, ಎಣ್ಣೆ ಒರೆಸಿ. ಬಿರುಕು ಹುಟ್ಟುವುದು ಹೆಚ್ಚಾಗಿ ಇಂಥ ಮೂಲೆಗಳಲ್ಲೇ.

ಇನ್ನು ಫ್ರೀಕ್ವೆನ್ಸಿ, ಅಂದರೆ ಕಾಯಿಲ್‌ನ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ದಿಕ್ಕು ಬದಲಿಸುತ್ತಾ ಆವರ್ತಿಸುತ್ತದೆ ಅನ್ನೋದು. ಅದು ಜಾಸ್ತಿ ಇದ್ದರೆ ಬಿಸಿ ಮೇಲ್ಮೈಯಲ್ಲೇ ನಿಲ್ಲುತ್ತದೆ, ಹಲ್ಲಿನ ತುದಿ ಬೇಗ ಕೆಂಪಾಗುತ್ತದೆ. ಕಡಿಮೆ ಇದ್ದರೆ ಬಿಸಿ ಒಳಗಿಳಿದು ಬುಡಕ್ಕೂ ತಲುಪುತ್ತದೆ. ಸಣ್ಣ ಗೇರನ್ನು ಸುತ್ತ ಕಾಯಿಲ್ ಇಟ್ಟು, ತಿರುಗಿಸುತ್ತಾ, ಒಂದೇ ಸಲಕ್ಕೆ ಬಿಸಿ ಮಾಡಬಹುದು. ಗಾಣದ ಗೇರಿನಂಥ ದೊಡ್ಡ ಹಲ್ಲಿದ್ದರೆ ಒಂದೊಂದೇ ಹಲ್ಲಿನ ಸಂದಿಗೆ ಕಾಯಿಲ್ ಹಾಯಿಸಬೇಕು. ಕೆಲಸ ನಿಧಾನ, ಆದರೆ ಬುಡಕ್ಕೆ ಬಿಸಿ ಸರಿಯಾಗಿ ಸಿಗುತ್ತದೆ. ಗಟ್ಟಿ ಪದರ ಹಲ್ಲಿನ ಪಕ್ಕದಲ್ಲೇ ಇಳಿದು ಬುಡದ ತಿರುವಿನಲ್ಲಿ ನಿಂತುಬಿಟ್ಟರೆ, ಎಳೆತವೆಲ್ಲ ಆ ಗೆರೆಯಲ್ಲೇ ಕೂತು, ಲೋಡ್ ಬಿದ್ದಾಗ ಹಲ್ಲು ಅಲ್ಲೇ ಮುರಿಯುತ್ತದೆ. ಪದರ ಬುಡವನ್ನು ಸುತ್ತಿಕೊಂಡು ಹೋಗಬೇಕು.

ಕಾಯಿಲ್ ಒಳಗೆ ತಣ್ಣೀರು ಓಡುತ್ತಿದೆಯೇ ನೋಡಿಯೇ ಪವರ್ ಕೊಡಿ. ಉಂಗುರ, ಕಡಗ ಬಿಚ್ಚಿಡಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಹತ್ತಿರ ಬರಲೇಬಾರದು. ಬಿಸಿ 850ರಿಂದ 900 ಡಿಗ್ರಿ ಸೆಲ್ಸಿಯಸ್ ಸಾಕು. ಬಣ್ಣ ನೋಡಿ ಅಂದಾಜು ಮಾಡಬೇಡಿ, ಹಗಲಿನ ಬೆಳಕಲ್ಲಿ ಕೆಂಪೂ ಬೇರೆ ಥರ ಕಾಣುತ್ತದೆ ಅಲ್ವಾ, ದೂರದಿಂದಲೇ ಬಿಸಿ ಅಳೆಯುವ ಪೈರೋಮೀಟರ್ ಬಳಸಿ. ಆ ಬಿಸಿ ಮುಟ್ಟಿದ ಕೂಡಲೇ ಕ್ವೆಂಚ್, ಅಂದರೆ ತಟ್ಟನೆ ತಣಿಸುವುದು. ಇಎನ್ 19ಕ್ಕೆ ಬರಿ ನೀರು ಹೊಡೆದರೆ ಬಿರುಕಿನ ಭಯ ಜಾಸ್ತಿ, ಪಾಲಿಮರ್ ಬೆರೆಸಿದ ನೀರೇ ಒಳ್ಳೆಯದು.

ತಣ್ಣಗಾದ ಗೇರನ್ನು ನಾಳೆ ನೋಡೋಣ ಅಂತ ಮೂಲೆಗೆ ಎಸೆಯಬೇಡಿ. ಆವತ್ತೇ, ತಡಮಾಡದೆ, 160ರಿಂದ 200 ಡಿಗ್ರಿಯಲ್ಲಿ ಒಂದೆರಡು ಗಂಟೆ ಮತ್ತೆ ಹದವಾಗಿ ಕಾಯಿಸಿ ಪೆಡಸುತನ ಇಳಿಸಿ, ಇದೇ ಟೆಂಪರಿಂಗ್. ಹಾರ್ಡ್‌ನೆಸ್ ಅಳೆಯುವ ರಾಕ್‌ವೆಲ್ ಸಿ ಮಾಪಕದಲ್ಲಿ 50ರಿಂದ 55 ಬಂದರೆ ಸಾಕಷ್ಟಾಯಿತು.

ಒಂದೇ ಥರದ ಹಲವು ಗೇರ್‌ಗಳಿದ್ದರೆ ಮೊದಲನೆಯದನ್ನು ಕತ್ತರಿಸಿ, ಪಾಲಿಶ್ ಮಾಡಿ, ನೈಟಲ್ (ಆಲ್ಕೋಹಾಲ್‌ನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲ) ಹಚ್ಚಿಸಿ ನೋಡಿ. ಗಟ್ಟಿಯಾದ ಭಾಗ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಒಂದು ಗೇರ್ ಹೋಯಿತಲ್ಲ ಅಂತ ಸಂಕಟಪಡಬೇಡಿ, ಉಳಿದವು ಉಳಿಯುತ್ತವೆ. ಒಂದೇ ಗೇರ್ ಇದ್ದರೆ ಬುಡಕ್ಕೆ ಡೈ ಪೆನಿಟ್ರಂಟ್, ಅಂದರೆ ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಕೆಂಪು ಬಣ್ಣದ ದ್ರವ, ಹಾಕಿಸಿ. ಕೆಂಪು ಗೆರೆ ಕಂಡರೆ ವೆಲ್ಡಿಂಗ್ ಮಾಡಿ ಮುಚ್ಚಲು ಹೋಗಬೇಡಿ, ಹೊಸದನ್ನೇ ಮಾಡಿಸಿ.