ಊರಿನ ಹಾಕಿ ತಂಡದ ದಾಖಲೆ ವಹಿ ಕಟ್ಟುವ ಬಗೆ

ಹುಬ್ಬಳ್ಳಿಯ ಹಳೆಯ ಹಾಕಿ ಕ್ಲಬ್ಬೊಂದರ ಕೋಣೆಯಲ್ಲಿ ಗಾಜಿನ ಕಪಾಟಿನ ತುಂಬ ಕಪ್ಪುಗಳಿವೆ. ಅವುಗಳಲ್ಲಿ ಅರ್ಧದಷ್ಟರ ಮೇಲೆ ಇಸವಿಯೇ ಇಲ್ಲ. ಇಸವಿ ಇರುವ ಕೆಲವುಗಳಲ್ಲಿ ಎದುರಾಳಿಯ ಹೆಸರಿಲ್ಲ. ಆ ಕ್ಲಬ್ಬಿನ ಚರಿತ್ರೆಯನ್ನು ಬರೆದುಕೊಡುವ ಕೆಲಸವನ್ನು ನಾನು ಒಪ್ಪಿಕೊಂಡಾಗ ಮಾದರಿಗಾಗಿ ಹುಡುಕಿದ್ದು ಒಲಿಂಪಿಕ್ ತಂಡಗಳ ಪುಸ್ತಕಗಳನ್ನಲ್ಲ. ದೊಡ್ಡ ತಂಡದ ದಾಖಲೆಯನ್ನು ಇಡಲು ದೊಡ್ಡ ಸಂಸ್ಥೆಗಳಿರುತ್ತವೆ. ನಮಗೆ ಬೇಕಾಗಿದ್ದುದು ಎರಡನೆಯ ಸಾಲಿನಲ್ಲಿ ನಿಂತೂ ತನ್ನ ಲೆಕ್ಕವನ್ನು ಶಿಸ್ತಿನಿಂದ ಕಾಪಾಡಿಕೊಂಡ ತಂಡದ ಮಾದರಿ. ಅದು ನನಗೆ ಸಿಕ್ಕಿದ್ದು ಅಮೆರಿಕದ ಕಿರಿಯ ಲೀಗಿನ ಐಸ್ ಹಾಕಿಯಲ್ಲಿ.

ಪೆನ್ಸಿಲ್ವೇನಿಯಾ ರಾಜ್ಯದ ಹರ್ಷಿ ಎಂಬ ಊರು ಚಾಕೊಲೇಟ್ ಕಾರ್ಖಾನೆಗೆ ಹೆಸರಾದದ್ದು. ಅಲ್ಲಿಯ ಹರ್ಷಿ ಬೇರ್ಸ್ ತಂಡವು 1938ರಿಂದ ಇಂದಿನವರೆಗೆ ಅಮೆರಿಕನ್ ಹಾಕಿ ಲೀಗಿನಲ್ಲಿ ಆಡುತ್ತಿದೆ. ಇದು ನ್ಯಾಷನಲ್ ಹಾಕಿ ಲೀಗಿನ ಕೆಳಗಿನ ಮೆಟ್ಟಿಲು. ಇಲ್ಲಿ ಪಳಗಿದ ಆಟಗಾರರು ಮೇಲಿನ ಲೀಗಿಗೆ ಹೋಗುತ್ತಾರೆ, ಅಲ್ಲಿ ಸ್ಥಾನ ಸಿಗದವರು ಮರಳಿ ಬರುತ್ತಾರೆ. ಹೀಗೆ ಪ್ರತಿ ವರ್ಷ ಆಟಗಾರರು ಬದಲಾಗುತ್ತಿದ್ದರೂ ಈ ತಂಡವು ಲೀಗಿನ ಕಾಲ್ಡರ್ ಕಪ್ಪನ್ನು 1947ರಿಂದ 2024ರವರೆಗೆ 13 ಸಲ ಗೆದ್ದಿದೆ, ಮತ್ತು ಆ 13ರಲ್ಲಿ ಪ್ರತಿಯೊಂದಕ್ಕೂ ಇಸವಿ ಇದೆ. ಮಂಜುಗಡ್ಡೆಯ ಮೇಲಿನ ಆಟಕ್ಕೂ ನಮ್ಮ ಕೆಮ್ಮಣ್ಣಿನ ಮೈದಾನದ ಆಟಕ್ಕೂ ನಿಯಮಗಳಲ್ಲಿ ಬಹಳ ಅಂತರವಿದೆ, ಆದರೆ ದಾಖಲೆ ಇಡುವ ಕ್ರಮ ಎರಡಕ್ಕೂ ಒಂದೇ.

ಮೊದಲು ತೀರ್ಮಾನಿಸಬೇಕಾದದ್ದು ತಂಡದ ವಂಶಾವಳಿ. ಯಾವ ಹೆಸರಿನಿಂದ ಯಾವ ಹೆಸರಿನವರೆಗೆ ಇದು ಒಂದೇ ತಂಡ ಎಂಬುದನ್ನು ಬರಹದಲ್ಲಿ ನಿಶ್ಚಯಿಸದೆ ಒಂದು ಅಂಕಿಯನ್ನೂ ಬರೆಯಬಾರದು. ಈ ಲೀಗಿಗೆ ಬಂದ ಮೇಲೆ ಹರ್ಷಿ ತಂಡ ಹೆಸರು ಬದಲಿಸದಿದ್ದರೂ ಅದು ಆಟಗಾರರನ್ನು ಪಡೆಯುವ ಮೇಲಿನ ತಂಡ ಹಲವು ಸಲ ಬದಲಾಗಿದೆ. 2005ರಿಂದ ಅದು ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡದೊಂದಿಗಿದೆ. ಆದ್ದರಿಂದ ಪ್ರತಿ ಋತುವಿನ ಮುಂದೆ ಆಗ ಯಾರ ಜೊತೆಗಿತ್ತು ಎಂಬುದನ್ನೂ ನಮೂದಿಸಬೇಕಾಗುತ್ತದೆ. ಹುಬ್ಬಳ್ಳಿಯಲ್ಲಿ ಈ ತೊಡಕು ಇನ್ನೂ ಹೆಚ್ಚು. ಇಲ್ಲಿಯ ರೈಲ್ವೆ ನೌಕರರ ತಂಡವೊಂದನ್ನೇ ತೆಗೆದುಕೊಳ್ಳಿ: ಸ್ವಾತಂತ್ರ್ಯಕ್ಕೆ ಮುಂಚಿನ ಪತ್ರಿಕೆಯಲ್ಲಿ ಅದು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯ ತಂಡ, 1951ರ ನಂತರ ದಕ್ಷಿಣ ರೈಲ್ವೆಯ ತಂಡ, 1966ರ ನಂತರ ದಕ್ಷಿಣ ಮಧ್ಯ ರೈಲ್ವೆಯ ತಂಡ, 2003ರಿಂದ ನೈಋತ್ಯ ರೈಲ್ವೆಯ ತಂಡ. ಆಡಿದ ಮೈದಾನ ಅದೇ, ಕೆಲವೊಮ್ಮೆ ಆಡಿದವರೂ ಅವರೇ. ಹೆಸರನ್ನಷ್ಟೇ ಹಿಡಿದು ಹುಡುಕಿದವನಿಗೆ ನಾಲ್ಕು ತಂಡಗಳು ಸಿಗುತ್ತವೆ.

ಪ್ರಾಂತದ ಹೆಸರುಗಳಲ್ಲಿಯೂ ಇದೇ ಎಚ್ಚರ ಬೇಕು. 1956ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಆದ್ದರಿಂದ ಆ ಕಾಲದ ನಮ್ಮ ಆಟಗಾರರ ಆಯ್ಕೆಯ ಸುದ್ದಿಯನ್ನು ಮುಂಬಯಿಯ ಕಡೆಯೂ ಹುಡುಕಬೇಕಾಗುತ್ತದೆ. 1956ರಿಂದ 1973ರವರೆಗೆ ‘ಮೈಸೂರು ರಾಜ್ಯ ತಂಡ’ ಎಂದು ಅಚ್ಚಾದದ್ದು ಇಂದಿನ ಕರ್ನಾಟಕ ತಂಡವೇ ಹೊರತು ಮೈಸೂರು ನಗರದ ತಂಡವಲ್ಲ. 1997ಕ್ಕಿಂತ ಮೊದಲು ಗದಗ, ಹಾವೇರಿಗಳು ಪ್ರತ್ಯೇಕ ಜಿಲ್ಲೆಗಳಾಗಿರಲಿಲ್ಲವಾದ್ದರಿಂದ, ‘ಧಾರವಾಡ ಜಿಲ್ಲಾ ತಂಡ’ ಎಂಬ ಪಟ್ಟಿಯಲ್ಲಿ ಗದಗಿನ ಬೆಟಗೇರಿಯ ಹುಡುಗನ ಹೆಸರು ಇದ್ದರೆ ಅದನ್ನು ತಪ್ಪೆಂದು ಹೊಡೆದುಹಾಕಬೇಡಿ. ವಹಿಯ ಮೊದಲ ಎರಡು ಪುಟಗಳನ್ನು ಇಂಥ ಹೆಸರುಗಳ ಬದಲಾವಣೆಗಾಗಿಯೇ ಮೀಸಲಿಡುವುದು ಒಳ್ಳೆಯದು.

ಇನ್ನು ಸಾಮಗ್ರಿ. ಪಂದ್ಯದ ದಿನವೇ ತುಂಬಿದ ಸ್ಕೋರ್‌ಶೀಟಿಗೆ ಸಮನಾದ ಆಧಾರ ಇನ್ನೊಂದಿಲ್ಲ. ಹರ್ಷಿಯ ಹಳೆಯ ಒಳಾಂಗಣದಲ್ಲಿಯೇ 1962ರ ಮಾರ್ಚ್ 2ರಂದು ವಿಲ್ಟ್ ಚೇಂಬರ್ಲೇನ್ ಒಂದೇ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ 100 ಅಂಕ ಗಳಿಸಿದರು. ಅದರ ಚಲನಚಿತ್ರ ದಾಖಲೆ ಇಲ್ಲ, ಆದರೂ ಆ ನೂರು ಅಂಕಗಳನ್ನು ಜಗತ್ತು ನಂಬಿರುವುದಕ್ಕೆ ಅಂಕಗಳನ್ನು ಬರೆದುಕೊಂಡ ಹಾಳೆ ಮುಖ್ಯ ಕಾರಣ. ಆಟ ಬೇರೆಯಾದರೂ ಈ ಸಂಗತಿಯನ್ನು ನಾನು ಪ್ರತಿ ಕ್ಲಬ್ಬಿನ ಕಾರ್ಯದರ್ಶಿಗೂ ಹೇಳುತ್ತೇನೆ. ಸ್ಕೋರ್‌ಶೀಟ್ ಸಿಗದಿದ್ದರೆ ಹುಬ್ಬಳ್ಳಿಯಿಂದ ಹೊರಡುವ ಸಂಯುಕ್ತ ಕರ್ನಾಟಕದಂಥ ಪತ್ರಿಕೆಗಳ ಹಳೆಯ ಸಂಚಿಕೆಗಳು, ಪಂದ್ಯಾವಳಿಯ ಆಮಂತ್ರಣ ಪತ್ರಿಕೆಗಳು, ಪ್ರಮಾಣಪತ್ರಗಳು, ಹಿಂಬದಿಯಲ್ಲಿ ಬರಹವಿರುವ ಗುಂಪು ಫೋಟೊಗಳು ನೆರವಿಗೆ ಬರುತ್ತವೆ. ಫೋಟೊವನ್ನು ಚೌಕಟ್ಟಿನಿಂದ ಬಿಡಿಸಿ ಹಿಂಬದಿಯನ್ನೂ ನೋಡಲು ಮರೆಯಬೇಡಿ. ನನಗೆ ಮೂರು ಇಸವಿಗಳು ಸಿಕ್ಕಿದ್ದು ಅಲ್ಲಿಯೇ.

ಹಿರಿಯ ಆಟಗಾರರ ನೆನಪನ್ನು ಮೊದಲು ಕೇಳಿ, ಆಮೇಲೆ ಕಾಗದದೊಂದಿಗೆ ಹೋಲಿಸಿ. ಎಂಬತ್ತು ದಾಟಿದ ಫುಲ್‌ಬ್ಯಾಕ್ ಒಬ್ಬರು ನನ್ನ ಕೈ ಹಿಡಿದು, ‘ಆ ಫೈನಲ್ ನಾವ ಗೆದ್ದಿದ್ವಿ ತಮ್ಮಾ, ಕಪ್ಪು ನಾನ ಎತ್ತಿದ್ದೆ’ ಎಂದರು. ಪತ್ರಿಕೆಯಲ್ಲಿ ನೋಡಿದಾಗ ಪಂದ್ಯ 1–1ರಲ್ಲಿ ಮುಗಿದು, ಎರಡೂ ತಂಡಗಳನ್ನು ಜಂಟಿ ವಿಜೇತರೆಂದು ಸಾರಿದ್ದರು. ಕಾಕಾ ಹೇಳಿದ್ದು ಸುಳ್ಳಲ್ಲ, ಕಪ್ಪನ್ನು ಅವರೇ ಎತ್ತಿದ್ದರು. ಆದರೆ ವಹಿಯಲ್ಲಿ ಅದು ಗೆಲುವಿನ ಮನೆಗೆ ಹೋಗಲಿಲ್ಲ, ಡ್ರಾದ ಮನೆಗೆ ಹೋಯಿತು, ಪಕ್ಕದಲ್ಲಿ ‘ಜಂಟಿ ಪ್ರಶಸ್ತಿ’ ಎಂಬ ಟಿಪ್ಪಣಿಯೊಂದಿಗೆ. ಅವರಿಗೆ ಅದನ್ನು ಓದಿ ತೋರಿಸಿದ ಮೇಲೆಯೇ ಅಚ್ಚಿಗೆ ಕೊಟ್ಟೆ.

ವಹಿಯ ಅಡಿಪಾಯ ಒಂದು ಸಾಲಿಗೆ ಒಂದು ಪಂದ್ಯ ಎಂಬ ನಿಯಮ. ದಿನಾಂಕ, ಊರು, ಮೈದಾನ, ಪಂದ್ಯಾವಳಿ, ಹಂತ, ಎದುರಾಳಿ, ಗೋಲುಗಳು, ಗೋಲು ಹೊಡೆದವರು, ಆಧಾರ: ಇಷ್ಟು ಕಲಮುಗಳು ಸಾಕು. ಒಟ್ಟು ಗೆಲುವು, ಒಟ್ಟು ಗೋಲು ಮುಂತಾದವನ್ನು ಎಂದೂ ಕೈಯಿಂದ ನೇರವಾಗಿ ಬರೆಯಬಾರದು. ಅವು ಈ ಸಾಲುಗಳನ್ನು ಕೂಡಿಸಿದಾಗ ತಾವಾಗಿ ಬರಬೇಕು. ಹಾಗೆ ಮಾಡಿದಾಗ ಲೆಕ್ಕವನ್ನು ಯಾರು ಬೇಕಾದರೂ ತಾಳೆ ನೋಡಬಹುದು. ವಿಲ್ಲಿ ಮಾರ್ಷಲ್ ಎಂಬ ಆಟಗಾರ ಹರ್ಷಿಯೂ ಸೇರಿದಂತೆ ಹಲವು ತಂಡಗಳಿಗೆ ಆಡಿ, ಅಮೆರಿಕನ್ ಹಾಕಿ ಲೀಗಿನಲ್ಲಿ 1,205 ಪಂದ್ಯಗಳಿಂದ 523 ಗೋಲು, 852 ಅಸಿಸ್ಟ್, 1,375 ಪಾಯಿಂಟ್ ಗಳಿಸಿದರು. ಐಸ್ ಹಾಕಿಯಲ್ಲಿ ಗೋಲು ಹೊಡೆದವನಿಗೆ ಒಂದು ಪಾಯಿಂಟ್, ಅದಕ್ಕೆ ಮುನ್ನ ಪಕ್ ಎಂಬ ಚಪ್ಪಟೆ ಬಿಲ್ಲೆಯನ್ನು (ಅಲ್ಲಿ ಚೆಂಡಿನ ಬದಲು ಇದೇ) ದಾಟಿಸಿಕೊಟ್ಟ ಗರಿಷ್ಠ ಇಬ್ಬರಿಗೆ ತಲಾ ಒಂದು ಅಸಿಸ್ಟ್ ಪಾಯಿಂಟ್. 523ಕ್ಕೆ 852 ಕೂಡಿಸಿದರೆ 1,375 ಸರಿಯಾಗಿ ಬರುತ್ತದೆ. ಇದು ಲೀಗಿನ ದಾಖಲೆ, ಹರ್ಷಿ ತಂಡವೊಂದರ ದಾಖಲೆಯಲ್ಲ. ನಿಮ್ಮ ಆಟಗಾರ ವಿಶ್ವವಿದ್ಯಾಲಯಕ್ಕೆ, ಇಲಾಖೆಗೆ, ರಾಜ್ಯಕ್ಕೆ ಹೊಡೆದ ಗೋಲುಗಳನ್ನು ಕ್ಲಬ್ಬಿನ ಲೆಕ್ಕಕ್ಕೆ ಸೇರಿಸದೆ ಬೇರೆ ಪುಟದಲ್ಲಿಡಿ.

ಅತ್ಯಂತ ಹೆಚ್ಚು ತಪ್ಪುಗಳಾಗುವುದು ಬೇರೆ ಬೇರೆ ಕಾಲದ ಋತುಗಳನ್ನು ಹೋಲಿಸುವಾಗ. 2009–10ರಲ್ಲಿ ಹರ್ಷಿ ತಂಡ 80 ಪಂದ್ಯಗಳಲ್ಲಿ 60 ಗೆದ್ದಿತು. ಒಂದು ಋತುವಿನಲ್ಲಿ ಇಷ್ಟು ಗೆಲುವು ಆ ಲೀಗಿನ ದಾಖಲೆ. ಆದರೆ ಆ ವರ್ಷದ ಅದರ ಅಂಕ 123, ಮತ್ತು 1992–93ರಲ್ಲಿ ಬಿಂಗ್‌ಹ್ಯಾಂಟನ್ ರೇಂಜರ್ಸ್ ಅಷ್ಟೇ ಪಂದ್ಯಗಳಲ್ಲಿ 57 ಗೆದ್ದು 124 ಅಂಕ ಗಳಿಸಿತ್ತು. ಗೆಲುವು ಕಡಿಮೆ, ಅಂಕ ಹೆಚ್ಚು: ಇದು ಹೇಗೆ? ಗೆಲುವಿಗೆ ಎರಡು ಅಂಕ ಎಂಬುದು ಎರಡೂ ಕಾಲದಲ್ಲಿ ಒಂದೇ. ಬಿಂಗ್‌ಹ್ಯಾಂಟನ್ ಕಾಲದಲ್ಲಿ ಸಮಬಲದ ಪಂದ್ಯ ಡ್ರಾ ಆಗಿಯೇ ಉಳಿಯುತ್ತಿತ್ತು; ಆ ತಂಡಕ್ಕೆ 10 ಡ್ರಾಗಳಿಂದ 10 ಅಂಕ ಬಂದವು. 2004–05ರಿಂದ ಲೀಗಿನಲ್ಲಿ ಶೂಟೌಟ್ (ಸಮಬಲವಾದಾಗ ಆಟಗಾರರು ಒಬ್ಬೊಬ್ಬರಾಗಿ ಗೋಲ್‌ಕೀಪರನ ಎದುರು ಹೊಡೆದು ಗೆದ್ದವರನ್ನು ತೀರ್ಮಾನಿಸುವ ಕ್ರಮ) ಬಂದು ಡ್ರಾ ಎಂಬ ಮನೆಯೇ ಇಲ್ಲವಾಯಿತು. ಶೂಟೌಟಿನಲ್ಲಿ ಸೋತವರಿಗೆ ಒಂದು ಅಂಕ ಸಿಗುತ್ತದೆ, ಹರ್ಷಿಗೆ ಅಂಥ 3 ಅಂಕಗಳಿದ್ದವು. ಇದೇ ಹರ್ಷಿ 2023–24ರಲ್ಲಿ 53 ಗೆದ್ದು 111 ಅಂಕ ಪಡೆಯಿತು, ಆದರೆ ಆಗ ಋತುವಿನಲ್ಲಿ ಇದ್ದುದು 72 ಪಂದ್ಯಗಳು ಮಾತ್ರ. ಸಿಗಬಹುದಾಗಿದ್ದ ಅಂಕಗಳಲ್ಲಿ ಸಿಕ್ಕಿದ್ದು ಶೇಕಡಾ ಎಷ್ಟು ಎಂದು ಲೆಕ್ಕ ಹಾಕಿದರೆ ಬಿಂಗ್‌ಹ್ಯಾಂಟನ್‌ಗೆ 77.5, ಹರ್ಷಿಯ 2023–24ಕ್ಕೆ 77.1, 60 ಗೆಲುವಿನ 2009–10ಕ್ಕೆ 76.9. ಗೆಲುವಿನ ಪಟ್ಟಿಯಲ್ಲಿ ಮೊದಲಿದ್ದದ್ದು ಈ ಮೂರರಲ್ಲಿ ಕೊನೆಗೆ ಬಂತು. ಯಾವ ಕ್ರಮವೂ ತಪ್ಪಲ್ಲ. ಯಾವುದನ್ನು ಎಣಿಸಿದ್ದೇವೆ ಎಂದು ಹೇಳದಿರುವುದು ತಪ್ಪು.

ನಮ್ಮ ಆಟದಲ್ಲಿಯೂ ನಿಯಮಗಳು ಬದಲಾಗಿವೆ. ಹಿಂದೆ 35 ನಿಮಿಷಗಳ ಎರಡು ಅವಧಿಗಳಿದ್ದವು, ಈಗ 15 ನಿಮಿಷಗಳ ನಾಲ್ಕು. 1990ರ ದಶಕದ ಕೊನೆಗೆ, ಎದುರಾಳಿಯ ಗೋಲಿನ ಬಳಿ ಮುಂಚೆಯೇ ಹೋಗಿ ಕಾದು ನಿಲ್ಲುವುದನ್ನು ತಡೆಯುತ್ತಿದ್ದ ಆಫ್‌ಸೈಡ್ ನಿಯಮ ಹೋಯಿತು, ಆದ್ದರಿಂದ ಅದಕ್ಕೂ ಹಿಂದಿನ ಸೆಂಟರ್ ಫಾರ್ವರ್ಡ್ ಹೊಡೆದ ಗೋಲನ್ನು ಇಂದಿನವನ ಗೋಲಿನ ಪಕ್ಕದಲ್ಲಿ ಸುಮ್ಮನೆ ಇಟ್ಟು ತೂಗಲಾಗದು. ಊರಿನ ಪಂದ್ಯಾವಳಿಗಳಲ್ಲಿ ಸಮಯವನ್ನು ಇನ್ನೂ ಕಡಿತಗೊಳಿಸುವುದುಂಟು. ಆದ ಕಾರಣ ಪ್ರತಿ ಪಂದ್ಯಾವಳಿಗೆ ‘ನಿಯಮ’ ಎಂಬ ಕಲಮು ಸೇರಿಸಿ, ಅವಧಿ, ತಂಡಕ್ಕೆ ಎಷ್ಟು ಜನ, ಹುಲ್ಲೋ ಮಣ್ಣೋ ಟರ್ಫೋ, ಸಮಬಲವಾದರೆ ಏನು ಎಂಬುದನ್ನು ಬರೆಯಿರಿ. ಗೋಲುಗಳನ್ನು ಫೀಲ್ಡ್ ಗೋಲು, ಪೆನಾಲ್ಟಿ ಕಾರ್ನರ್, ಪೆನಾಲ್ಟಿ ಸ್ಟ್ರೋಕ್ ಎಂದು ವಿಂಗಡಿಸಿ. ಶೂಟೌಟಿನ ಗೋಲುಗಳನ್ನು ಆಟಗಾರನ ಒಟ್ಟು ಲೆಕ್ಕಕ್ಕೆ ಸೇರಿಸಬೇಡಿ. ಗೋಲ್‌ಕೀಪರನ ವಿಷಯದಲ್ಲಿ ನಾವು ಬಹಳ ಅನ್ಯಾಯ ಮಾಡಿದ್ದೇವೆ. ಐಸ್ ಹಾಕಿಯಲ್ಲಿ ಅವನತ್ತ ಬಂದ ಹೊಡೆತಗಳೆಷ್ಟು, ತಡೆದದ್ದೆಷ್ಟು ಎಂಬುದು ಪ್ರತಿ ಪಂದ್ಯದ ಲೆಕ್ಕದಲ್ಲಿರುತ್ತದೆ. ನಮ್ಮ ಹಳೆಯ ವರದಿಗಳಲ್ಲಿ ಎಷ್ಟೋ ಸಲ ಅವನ ಹೆಸರೂ ಇಲ್ಲ. ಮುಂದಿನ ಪಂದ್ಯದಿಂದಲಾದರೂ ಒಬ್ಬ ಹುಡುಗನನ್ನು ಗೋಲಿನ ಹಿಂದೆ ಕೂರಿಸಿ ಎಣಿಸಲು ಹೇಳಿ.

ಹೆಸರುಗಳ ವಿಷಯ ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ. ಒಂದೇ ತಂಡದಲ್ಲಿ ಇಬ್ಬರು ‘ಎಸ್. ಪಾಟೀಲ’, ಮೂವರು ‘ಹಿರೇಮಠ’ ಇರುವುದು ನಮ್ಮ ಭಾಗದಲ್ಲಿ ಸಾಮಾನ್ಯ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ತಂದೆಯ ಹೆಸರು, ಓಣಿ, ಆಡಿದ ಸ್ಥಾನ, ಮೊದಲ ಮತ್ತು ಕೊನೆಯ ಋತುವನ್ನು ಬರೆದಿಟ್ಟರೆ ಒಬ್ಬರ ಗೋಲು ಇನ್ನೊಬ್ಬರಿಗೆ ಹೋಗುವುದಿಲ್ಲ. ತಂದೆಯ ಹೆಸರು ಮತ್ತು ಓಣಿ ಕ್ಲಬ್ಬಿನ ಒಳಗಿನ ಪ್ರತಿಯಲ್ಲಿ ಮಾತ್ರ ಇರಲಿ.

ಸಂದೇಹವಿರುವ ಕಡೆ ಊಹೆಯಿಂದ ತುಂಬಬೇಡಿ. ಕಾಗದದ ಆಧಾರವಿದ್ದರೆ ‘ಕಾ’, ಒಬ್ಬರ ನೆನಪು ಮಾತ್ರವಿದ್ದರೆ ‘ನೆ’, ಇಬ್ಬರು ಬೇರೆ ಬೇರೆಯಾಗಿ ಹೇಳಿದ್ದು ಹೊಂದಿಕೆಯಾದರೆ ‘ನೆ2’ ಎಂದು ಗುರುತು ಹಾಕಿ. ಖಾಲಿ ಮನೆಯನ್ನು ಖಾಲಿಯಾಗಿಯೇ ಬಿಡಿ, ಅಲ್ಲಿ ಸೊನ್ನೆ ಬರೆಯಬೇಡಿ. ಸೊನ್ನೆ ಎಂದರೆ ಗೋಲು ಆಗಲಿಲ್ಲ ಎಂದು ಅರ್ಥ, ಖಾಲಿ ಎಂದರೆ ಇನ್ನೂ ಹುಡುಕಬೇಕು ಎಂದು ಅರ್ಥ. ನಾನು ಬರೆದ ವಹಿಯಲ್ಲಿ ಖಾಲಿ ಮನೆಗಳು ಇನ್ನೂ ಬಹಳ ಇವೆ. ಅದರ ಒಂದು ಪ್ರತಿ ಕ್ಲಬ್ಬಿನಲ್ಲಿದೆ, ಒಂದು ಹಳೆಯ ನಾಯಕರ ಮನೆಯಲ್ಲಿದೆ, ಇನ್ನೊಂದನ್ನು ಸ್ಕ್ಯಾನ್ ಮಾಡಿ ಮೂವರ ಬಳಿ ಇಡಲಾಗಿದೆ. ಪ್ರತಿ ಋತು ಮುಗಿದ ತಿಂಗಳೊಳಗೆ ಕಾರ್ಯದರ್ಶಿಯೂ ನಾಯಕನೂ ಕೂಡಿ ಕೂತು ಹೊಸ ಸಾಲುಗಳನ್ನು ಸೇರಿಸಿ, ಕೆಳಗೆ ಇಬ್ಬರೂ ಸಹಿ ಹಾಕುತ್ತಾರೆ.