ಮನೆಯ ಸಿಎನ್‌ಸಿ ರೂಟರ್‌ಗೆ ನಾಲ್ಕನೇ ಆಕ್ಸಿಸ್: ಕಮ್ಮಿ ಖರ್ಚಿನ ಟೂಲ್‌ಪಾತ್

ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಸಿಎನ್‌ಸಿ ರೂಟರ್‌ಗೆ ರೋಟರಿ ಚಕ್ (ಮರ ಹಿಡಿದು ತಿರುಗಿಸುವ ಭಾಗ) ಕೂರಿಸಿದ ಕೂಡಲೇ ಐದು ಆಕ್ಸಿಸ್‌ನ ದುಬಾರಿ ಸಾಫ್ಟ್‌ವೇರ್ ಹುಡುಕಬೇಡಿ. ಆಕ್ಸಿಸ್ ಎಂದರೆ ಮೆಷಿನ್ ಚಲಿಸುವ ದಿಕ್ಕು. ದಾವಣಗೆರೆಯಲ್ಲಿ ಮರದ ಕೆಲಸ ಎಂದರೆ ದೇವರ ಮಂಟಪದ ಕಂಬ, ಮಂಚದ ಕಾಲು, ಅದರ ಮೇಲೊಂದು ಹೂಬಳ್ಳಿ. ಇಷ್ಟಕ್ಕೆ ಮೂರು ಆಕ್ಸಿಸ್‌ನ (ಎಕ್ಸ್ ಕಂಬದ ಉದ್ದಕ್ಕೆ, ವೈ ಅಡ್ಡಕ್ಕೆ, ಝಡ್ ಮೇಲೆ ಕೆಳಗೆ) ಉಚಿತ ಸಾಫ್ಟ್‌ವೇರ್ ಸಾಕು. ಉಪಾಯ ಇರುವುದು ಮೆಷಿನ್ ಕಡೆ.

ಅರ್ಡುಯಿನೋ ಊನೋ ಎಂಬ ಪುಟ್ಟ ಬೋರ್ಡಿನ ಮೇಲೆ ಓಡುವ ಜಿಆರ್‌ಬಿಎಲ್ (ಮೋಟಾರುಗಳಿಗೆ ಆದೇಶ ಕೊಡುವ ಪ್ರೋಗ್ರಾಂ) ನಡೆಸುವುದು ಮೂರೇ ಆಕ್ಸಿಸ್. ಹಾಗಾಗಿ ವೈ ಜಾಗವನ್ನು ಚಕ್‌ಗೆ ಬಿಟ್ಟುಕೊಡಬೇಕು. ಮೊದಲು ವೈ ಅನ್ನು ಚಕ್‌ನ ನಡುಗೆರೆಗೆ ತಂದು ಸ್ಕ್ರೂ ಹಾಕಿ ಬಿಗಿ ಮಾಡಿ. ಪವರ್ ಆಫ್ ಮಾಡಿ ವೈ ಮೋಟಾರಿನ ವೈರ್ ಬಿಚ್ಚಿ, ಆ ಜಾಗಕ್ಕೆ ರೋಟರಿ ಮೋಟಾರ್ ಕೊಡಿ. ಪವರ್ ಇರುವಾಗ ಬಿಚ್ಚಿದರೆ ಮೋಟಾರಿಗೆ ಕರೆಂಟ್ ಕೊಡುವ ಡ್ರೈವರ್ ಸುಟ್ಟಿತೆಂದೇ ತಿಳಿಯಿರಿ. ಸುತ್ತಿಗೆ 200 ಸ್ಟೆಪ್ ಇಡುವ ಮೋಟಾರ್, 8 ಮೈಕ್ರೋಸ್ಟೆಪ್ (ಪ್ರತಿ ಸ್ಟೆಪ್ ಎಂಟು ಭಾಗ), 6:1 ಬೆಲ್ಟ್ ಇದ್ದರೆ ಚಕ್‌ನ ಒಂದು ಸುತ್ತಿಗೆ 9600 ಸ್ಟೆಪ್. ಕಂಬ 50 ಮಿ.ಮೀ. ವ್ಯಾಸದ್ದಾದರೆ ಸುತ್ತಳತೆ 157.08 ಮಿ.ಮೀ. 9600 ಅನ್ನು ಇದರಿಂದ ಭಾಗಿಸಿದರೆ ಮಿ.ಮೀ.ಗೆ 61.115 ಸ್ಟೆಪ್, ಇದನ್ನೇ ಜಿಆರ್‌ಬಿಎಲ್‌ನ ವೈ ಸೆಟ್ಟಿಂಗ್ $101ಕ್ಕೆ ಬರೆಯಿರಿ. ವ್ಯಾಸ ಬದಲಾದಾಗಲೆಲ್ಲ ಈ ಲೆಕ್ಕ ಮತ್ತೆ ಮಾಡಬೇಕು. $20 (ಚಲನೆಯ ಮಿತಿ) ಮತ್ತು $22 (ಹೋಮಿಂಗ್, ಅಂದರೆ ಸ್ವಿಚ್ ಮುಟ್ಟಿ ಸೊನ್ನೆ ಹುಡುಕುವುದು) ಎರಡನ್ನೂ ಸೊನ್ನೆ ಮಾಡಿ. ಇಲ್ಲದಿದ್ದರೆ ಹೋಮಿಂಗ್ ಕೊಟ್ಟಾಗ ಚಕ್ ಸಿಗದ ಸ್ವಿಚ್ಚಿಗಾಗಿ ತಿರುಗುತ್ತದೆ.

ಇನ್ನು 157.08 ಮಿ.ಮೀ. ಅಗಲದ ಹಾಳೆಯ ಮೇಲೆ ಕೆತ್ತನೆ ಬಿಡಿಸಿದಂತೆ ಫ್ರೀಕ್ಯಾಡ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಸಾದಾ ಟೂಲ್‌ಪಾತ್ (ಕಡಿಯುವ ಬಿಟ್ ಓಡುವ ದಾರಿ) ಮಾಡಿ. ಅದು ಕಂಬಕ್ಕೆ ಸುತ್ತಿಕೊಳ್ಳುತ್ತದೆ. ಫ್ಯೂಷನ್ ಎಂಬ ಇನ್ನೊಂದು ಸಾಫ್ಟ್‌ವೇರಿನ ಉಚಿತ ಪರ್ಸನಲ್ ಲೈಸೆನ್ಸಿನಲ್ಲೂ ಇದು ನಡೆಯುತ್ತದೆ. ಆದರೆ ಅದರಲ್ಲಿ ನಾಲ್ಕನೇ ಆಕ್ಸಿಸ್‌ನ ಟೂಲ್‌ಪಾತ್ ಸಿಗುವುದಿಲ್ಲ, ರಾಪಿಡ್ (ಮರ ಕಡಿಯದೆ ಬೇಗ ಸರಿಯುವ) ಚಲನೆಯೂ ಫೀಡ್ (ಕಡಿಯುವಾಗಿನ) ವೇಗಕ್ಕೆ ಇಳಿದಿರುತ್ತದೆ. ಹಾಗಾಗಿ ಕೆಲಸ ನಿಧಾನ.

ನಿಜವಾದ ಎ ಆಕ್ಸಿಸ್ (ಡಿಗ್ರಿ ಲೆಕ್ಕದಲ್ಲಿ ತಿರುಗುವ ನಾಲ್ಕನೆಯದು) ಬೇಕಾದವರಿಗೆ ಕಂಟ್ರೋಲರ್ ಆಗಿ ಜಿಆರ್‌ಬಿಎಲ್-ಹಾಲ್ ಅಥವಾ ಲಿನಕ್ಸ್‌ಸಿಎನ್‌ಸಿ ಇದೆ, ಎರಡೂ ಉಚಿತ. ಫ್ರೀಕ್ಯಾಡ್‌ನ ಕ್ಯಾಮ್ ವಿಭಾಗದಲ್ಲಿ 'ಆಕ್ಸಿಸ್ ಮ್ಯಾಪ್' ಡ್ರೆಸ್‌ಅಪ್ (ಆದ ಟೂಲ್‌ಪಾತನ್ನು ಮಾರ್ಪಡಿಸುವ ಸಾಧನ) ತೆರೆದು ವೈ ಅನ್ನು ಎಗೆ ತಿರುಗಿಸಿ, ತ್ರಿಜ್ಯ 25 ಕೊಡಿ. ಬಂದ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡದೆ ಮೆಷಿನ್‌ಗೆ ಹಾಕಬೇಡಿ. ಸಾಲುಗಳಲ್ಲಿ ಎ ಕಾಣದಿದ್ದರೆ ಟೂಲ್‌ಪಾತನ್ನು ಮೆಷಿನ್ ಓದುವ ಸಾಲುಗಳಾಗಿ ಬರೆಯುವ ಪೋಸ್ಟ್ ಪ್ರೊಸೆಸರ್ ಅದನ್ನು ನುಂಗಿದೆ. ಕೆತ್ತನೆಯ ಸಾಲುಗಳಲ್ಲಿ ಜಿ2, ಜಿ3 (ಕಮಾನಿನ ಆದೇಶಗಳು) ಉಳಿದಿದ್ದರೂ ತಪ್ಪೇ: ಕಮಾನನ್ನು ಸಣ್ಣ ಜಿ1 (ನೇರ) ಗೆರೆಗಳಾಗಿ ಒಡೆಯದೆ ಸುತ್ತಲು ಬರುವುದಿಲ್ಲ.

ಇಲ್ಲಿ ಸ್ಟೆಪ್ ಲೆಕ್ಕ ಡಿಗ್ರಿಯಲ್ಲಿ: 9600 ಭಾಗಿಸು 360, ಅಂದರೆ 26.667. ಸೋಮಾರಿತನದಿಂದ 26.6 ಎಂದು ಬರೆದರೆ ಪ್ರತಿ ಸುತ್ತಿಗೆ 24 ಸ್ಟೆಪ್, ಹತ್ತಿರ ಹತ್ತಿರ 0.9 ಡಿಗ್ರಿ ಕಡಿಮೆಯಾಗಿ ಬಳ್ಳಿಯ ತುದಿ ಬುಡ ಕೂಡುವುದಿಲ್ಲ. ಚಕ್ ಮೇಲೊಂದು ಗೀಟು ಹಾಕಿ ಹತ್ತು ಸುತ್ತು ತಿರುಗಿಸಿ. ಗೀಟು ಅದೇ ಜಾಗಕ್ಕೆ ಬರಬೇಕು.

ಮರ ಕಪ್ಪಗೆ ಸುಟ್ಟರೆ ಬಿಟ್ ಅನ್ನು ಬಯ್ಯುವ ಮೊದಲು ಫೀಡ್ ನೋಡಿ. ಫೈಲಿನಲ್ಲಿ ಫೀಡ್ ಹೇಳುವ ಅಕ್ಷರ ಎಫ್. ಎ ಒಂದೇ ತಿರುಗುವಾಗ ಎಫ್300 ಎಂದರೆ ನಿಮಿಷಕ್ಕೆ 300 ಡಿಗ್ರಿ, ಮಿಲಿಮೀಟರ್ ಅಲ್ಲ. 50 ಮಿ.ಮೀ. ವ್ಯಾಸದಲ್ಲಿ ಬಿಟ್ ಓಡುವುದು ನಿಮಿಷಕ್ಕೆ 131 ಮಿ.ಮೀ.; ಕಂಬದ ಕುತ್ತಿಗೆ 20ಕ್ಕೆ ಇಳಿದಲ್ಲಿ ಬರೀ 52. ಪರಿಹಾರ ಜಿ93 (ಎಫ್ ಅನ್ನು ವೇಗವಾಗಿ ಅಲ್ಲ, ಚಲನೆಯ ಸಮಯದ ಲೆಕ್ಕದಲ್ಲಿ ಓದಿಸುವ ಆದೇಶ): ಬೇಕಾದ ಫೀಡನ್ನು ಆ ಚಲನೆಯ ಉದ್ದದಿಂದ ಭಾಗಿಸಿ ಎಫ್ ಕೊಡುವುದು. 12 ಮಿ.ಮೀ. ಚಲನೆ ನಿಮಿಷಕ್ಕೆ 600 ಮಿ.ಮೀ. ವೇಗದಲ್ಲಿ ಆಗಬೇಕಾದರೆ ಎಫ್50. ಪ್ರತಿ ಜಿ1 ಸಾಲಿಗೂ ಎಫ್ ಬೇಕು, ಕೊನೆಗೆ ಮಾಮೂಲು ಫೀಡಿಗೆ ಮರಳಿಸುವ ಜಿ94 ಮರೆಯಬಾರದು.

ಕಂಬದ ಝಡ್ ಸೊನ್ನೆ ಮರದ ಮೇಲ್ಮೈಯಲ್ಲಲ್ಲ, ತಿರುಗುವ ನಡುಗೆರೆಯಲ್ಲಿ ಇಡುವುದು ಕ್ಷೇಮ. ಚಕ್‌ನಲ್ಲಿ 20 ಮಿ.ಮೀ. ವ್ಯಾಸದ ರಾಡ್ ಹಿಡಿದು ಅದರ ಮೇಲೆ ಬಿಟ್‌ನ ತುದಿ ತಾಗಿಸಿ ಅಲ್ಲಿ ಝಡ್ 10 ಎಂದು ಕೊಡಿ. ರಾಡ್ ನೇರ ಇರಬೇಕು. ಹರಿಹರದ ಕಿರ್ಲೋಸ್ಕರ್ ಲೇತ್ ಇನ್ನೂ ಓಡಿಸುವ ಟರ್ನರ್ ಸಿಕ್ಕರೆ ಒಂದು ತುಂಡು ತಿರುವಿಸಿಕೊಳ್ಳಿ. ಆಮೇಲೆ ಬೇಡದ ಮರದಲ್ಲಿ ಎ0 ಮತ್ತು ಎ180ರಲ್ಲಿ ಝಡ್ 10ಕ್ಕೆ ಎರಡು ಚಪ್ಪಟೆ ಮುಖ ಕಡಿದು ವರ್ನಿಯರ್ ಹಿಡಿಯಿರಿ. 20 ಬರಬೇಕಾದಲ್ಲಿ 20.4 ಬಂದರೆ ಸೊನ್ನೆ 0.2 ಮೇಲಿದೆ, ಅಷ್ಟು ಇಳಿಸಿ.

ಚೌಕ ಮರ ಹಾಕಿದಾಗ ಬಿಟ್ ಮುರಿಯುವುದು ಮೂಲೆಯಿಂದ. 50 ಮಿ.ಮೀ. ಚೌಕದ ಮುಖ ನಡುಗೆರೆಯಿಂದ 25 ದೂರ, ಮೂಲೆ 35.4. ಎ ತಿರುಗುವ ಮೊದಲು ಝಡ್ 40ಕ್ಕಾದರೂ ಏರಿರಬೇಕು. ಎ350 ಆದ ಮೇಲೆ ಎ10 ಬಂದರೆ ಚಕ್ 340 ಡಿಗ್ರಿ ಹಿಂದಕ್ಕೆ ಸುತ್ತುತ್ತದೆ. ಅಲ್ಲಿ ಎ370 ಎಂದಿರಬೇಕು.

ಕರೆಂಟ್ ಹೋದರೆ ಎ ತಾನೆಲ್ಲಿದ್ದೆ ಎಂಬುದನ್ನು ಮರೆಯುತ್ತದೆ. ಚಕ್ ಮೇಲಿನ ಗೀಟಿಗೆ ಎದುರಾಗಿ ಬಾಡಿ ಮೇಲೂ ಒಂದು ಗೀಟು ಕೊರೆದಿಡಿ.